ಎಂಟು ಹಣ್ಣಿನ ಗೊಂಚಲು

ಜನವರಿ 7, ಮಂಗಳವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಲಾಸ್ ತಾಬ್ಲಾಸ್ ಪೊಲೀಸ್ ಠಾಣೆಗೆ ಡೊನ್ಯಾ ಎಡಿಲ್ಮಾ ವಿಯಲಾಸ್ ಬಂದರು. ವಯಸ್ಸು ಎಪ್ಪತ್ತಾರು, ನಿವೃತ್ತ ಶಾಲಾ ಶಿಕ್ಷಕಿ. ಕಂಕುಳಲ್ಲಿ ಒಂದು ಕಾದಂಬರಿ. ಇನ್ಸ್‌ಪೆಕ್ಟರ್ ಒಲ್ಮೆಡೊ ಎಸ್ಪಿನೊ ಬಾಯಲ್ಲಿದ್ದ ಕರಿದ ರೊಟ್ಟಿಯನ್ನು ಅವಸರದಲ್ಲಿ ನುಂಗಿ ಎದ್ದು ನಿಂತರು. ಆ ಠಾಣೆಯ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು ಆಕೆ. ಉಳಿದರ್ಧಕ್ಕೆ ಕಲಿಸಿಲ್ಲ ಎನ್ನುವುದು ಅವರು ಬರೆಯುವ ವರದಿ ನೋಡಿದರೇ ಗೊತ್ತಾಗುತ್ತದೆ ಎಂದು ಆಕೆಯೇ ಊರೆಲ್ಲ ಹೇಳಿಕೊಂಡು ಬಂದಿದ್ದರು.

“ಕೂತ್ಕೊಳ್ಳಿ ಟೀಚರ್. ಏನಾಯ್ತು?”

“ನನ್ನ ಪೊಯೆರಾ ಕಳುವಾಗಿದೆ.” ಇಲ್ಲಿನ ಹೆಂಗಸರು ಹಬ್ಬಕ್ಕೆ ಉಡುವ ಕೈಕಸೂತಿಯ ನೆರಿಗೆ ಉಡುಪು ಅದು.

“ಯಾವಾಗ?”

“ಗೊತ್ತಿಲ್ಲ.”

“ಎಲ್ಲಿರಬಹುದು ಅಂತ ಏನಾದ್ರೂ ಅಂದಾಜು?”

ಆಕೆ ಕಾದಂಬರಿಯನ್ನು ಮೇಜಿನ ಮೇಲೆ ಟಪ್ಪೆಂದು ಇಟ್ಟರು. “ಇಲ್ಲಿದೆ.”

ಪುಸ್ತಕದ ಹೆಸರು ‘ಗವರ್ನರನ ಮೂರನೆಯ ಸೊಸೆ’. ಇನ್ನೂರು ವರ್ಷದ ಹಿಂದಿನ ಕತೆ. ಮುಖಪುಟದಲ್ಲಿ ಸಮುದ್ರದ ಬಂಡೆಯ ಮೇಲೆ ಒಬ್ಬ ಹೆಂಗಸು ಗಂಭೀರವಾಗಿ ನಿಂತಿದ್ದಾಳೆ. ದೂರದಲ್ಲಿ ಹಾಯಿ ಹಡಗು. ಮೈಮೇಲೆ ನೀಲಿ ಕಸೂತಿಯ ಬಿಳಿ ಪೊಯೆರಾ, ಎದೆಯ ಮೇಲೆ ನೀಲಿ ಉಣ್ಣೆಯ ಗೊಂಡೆ. ಹಿಂದಿನ ಸಂಜೆ ಅಂಗಡಿಯಲ್ಲಿ ಇದನ್ನು ಕಂಡು ಟೀಚರ್ ಮನೆಗೆ ಓಡಿ ಪೆಟ್ಟಿಗೆ ತೆರೆದಿದ್ದರು. ನೀಲಿ ಕಾಗದದ ಸುತ್ತು ಇಟ್ಟ ಹಾಗೇ ಇತ್ತು. ಬಿಚ್ಚಿದರೆ ಒಳಗೆ ಎರಡು ಹಳೇ ಹಾಸಿಗೆ ಹೊದಿಕೆ.

ಮಹಿಳಾ ಪೇದೆ ಯಾರಿಸೆಲ್ ಫ್ರಿಯಾಸ್ ದೂರು ಬರೆದುಕೊಂಡಳು. ಟೀಚರ್ ನಡುನಡುವೆ ಅವಳ ಕಾಗುಣಿತ ತಿದ್ದಿದರು. ಕಳುವಾದ ವಸ್ತುವಿನ ವಿವರ ಹೀಗಿತ್ತು: ಪೊಯೆರಾ ಒಂದು, ಕುಪ್ಪಸ ಸಹಿತ. ಹನ್ನೆರಡು ಗಜ ಬಿಳಿ ಲಿನನ್, ಎರಡು ಅಂತಸ್ತಿನ ನೆರಿಗೆ ಲಂಗ. ಕೆಂಪು ದಾರದ ಕೈಕಸೂತಿ, ದ್ರಾಕ್ಷಿ ಬಳ್ಳಿಯ ಚಿತ್ತಾರ. ಹೊಲಿಯಲು ಹಿಡಿದ ಕಾಲ ನಾಲ್ಕು ವರ್ಷ. ಗೊಂಚಲಿಗೆ ಒಂಬತ್ತು ಹಣ್ಣು. ದೋಷ: ಬಲಸೊಂಟದ ಕೆಳಗಿನ ಒಂದು ಗೊಂಚಲಿನಲ್ಲಿ ಎಂಟೇ ಹಣ್ಣು.

“ಟೀಚರ್, ನಿಮ್ಮದು ಕೆಂಪು. ಇದು ನೀಲಿ,” ಎಂದಳು ಯಾರಿಸೆಲ್.

“ನನಗೂ ಕಣ್ಣಿದೆ ಮಗಳೇ. ಹಣ್ಣು ಎಣಿಸು.”

ಬೆರಳಚ್ಚು ನೋಡುವ ಭೂತಗಾಜು ತಂದು ಎಣಿಸಿದರು. ಒಂಬತ್ತು, ಒಂಬತ್ತು, ಒಂಬತ್ತು, ಎಂಟು. ಇನ್ಸ್‌ಪೆಕ್ಟರ್ ಇನ್ನೊಂದು ಸಲ ತಾವೇ ಎಣಿಸಿದರು. ಎಂಟೇ.

“ಆದ್ರೆ ಇದು ಎಡಸೊಂಟದಲ್ಲಿದೆ ಸಾರ್,” ಎಂದಳು ಯಾರಿಸೆಲ್. “ಬಣ್ಣವೂ ಬೇರೆ, ಬದಿಯೂ ಬೇರೆ. ಕೋರ್ಟಿನಲ್ಲಿ ನಗ್ತಾರೆ.”

“ಶನಿವಾರ ಪೊಯೆರಾ ಮೆರವಣಿಗೆ,” ಎಂದರು ಟೀಚರ್. “ನನ್ನ ಮೊಮ್ಮಗಳು ನಿಡಿಯಾ ರಾಜಧಾನಿಯ ಆಸ್ಪತ್ರೆಯಲ್ಲಿ ನರ್ಸು. ಆರು ವರ್ಷದಲ್ಲಿ ಇದೇ ಮೊದಲು ಅವಳಿಗೆ ಜನವರಿಯಲ್ಲಿ ರಜೆ ಸಿಕ್ಕಿರೋದು. ಅವಳಮ್ಮ ಉಟ್ಟಿದ್ದು ಅದನ್ನೇ. ಈಗ ಅಮ್ಮ ಇಲ್ಲ, ಅದಾದ್ರೂ ಇರ್ಲಿ ಅಂತಿದ್ದೆ. ಒಲ್ಮೆಡೊ, ಶನಿವಾರದೊಳಗೆ ಹುಡುಕಿ ಕೊಡು.”

ಎಂಟೂ ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಹತ್ತೂವರೆಗೆ ಟೀಚರ್ ಮನೆಯಲ್ಲಿ ಪಂಚನಾಮೆ ನಡೆಯಿತು. ನೆರೆಮನೆಯ ಇಬ್ಬರು ಪಂಚರು. ಪೆಟ್ಟಿಗೆಯ ಬೀಗ ಮುರಿದಿರಲಿಲ್ಲ, ಕಿಟಕಿಯ ಸರಳು ಅಲುಗಿರಲಿಲ್ಲ. ಹಾಸಿಗೆ ಹೊದಿಕೆಗಳನ್ನು ಪೊಯೆರಾದಷ್ಟೇ ದಪ್ಪ ಬರುವ ಹಾಗೆ ಅಂದವಾಗಿ ಮಡಿಸಿಟ್ಟಿದ್ದರು. ಕಳ್ಳರು ಇಷ್ಟು ಚೆನ್ನಾಗಿ ಮಡಿಸುವುದಿಲ್ಲ ಎಂದುಕೊಂಡರು ಎಸ್ಪಿನೊ.

“ಈ ಪೆಟ್ಟಿಗೆ ಯಾರ್ಯಾರು ಮುಟ್ತಾರೆ?”

“ನಾನು. ಜೂನಿನಲ್ಲಿ ಒಂದು ದಿನ ಸೆಲಿನಾ ಬಂದು ಗಾಳಿಗೆ ಹಾಕಿ, ಮಡಿಸಿಟ್ಟು ಹೋಗ್ತಾಳೆ. ಜನವರಿಯಲ್ಲಿ ಇಸ್ತ್ರಿಗೆ ಕರೀತೀನಿ. ಅವಳ ಸುದ್ದಿಗೆ ಹೋಗಬೇಡ. ಅದನ್ನ ಹೊಲಿದವಳೇ ಅವಳು.”

“ಬರ್ಕೊಂಡೆ ಅಷ್ಟೇ ಟೀಚರ್.”

ಸೆಲಿನಾ, ಪೂರ್ತಿ ಹೆಸರು ಡಿಯೊಸೆಲಿನಾ ಬಾರಿಯೋಸ್, ಎಂದರೆ ಲಾ ತೀಸಾ ಊರಿನಲ್ಲಿ ಕಸೂತಿಗೆ ಹೆಸರಾದ ಕೈ. ಬರೀ ಅನುಮಾನದ ಮೇಲೆ ಅವಳ ಬಾಗಿಲು ತಟ್ಟಿದರೆ ಸಂಜೆಯೊಳಗೆ ಊರೇ ತೀರ್ಪು ಕೊಟ್ಟು ಮುಗಿಸಿರುತ್ತದೆ. ಮೊದಲು ಮುಖಪುಟದ ಪೊಯೆರಾ ಟೀಚರದ್ದೇ ಹೌದೋ ಅಲ್ಲವೋ ಗೊತ್ತಾಗಬೇಕಿತ್ತು. ಪುಸ್ತಕದ ಎರಡನೇ ಪುಟದಲ್ಲಿ ಮುಖಪುಟ ವಿನ್ಯಾಸ, ಛಾಯಾಚಿತ್ರ ಎರಡಕ್ಕೂ ಒಂದೇ ಹೆಸರಿತ್ತು: ರೊಡೆರಿಕ್ ಸೌರಿ, ಚಿತ್ರೆ ಪಟ್ಟಣ.

ಬುಧವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಎಸ್ಪಿನೊ, ಯಾರಿಸೆಲ್ ಇಬ್ಬರೂ ರೊಡೆರಿಕ್‌ನ ಬಾಗಿಲಲ್ಲಿದ್ದರು. ಔಷಧಿ ಅಂಗಡಿಯ ಮೇಲಿನ ಒಂದೇ ಕೋಣೆ, ದೊಡ್ಡ ಕಂಪ್ಯೂಟರ್ ಪರದೆ, ಗೋಡೆ ತುಂಬ ಚಾರಿತ್ರಿಕ ಕಾದಂಬರಿಗಳ ಮುಖಪುಟ. ಎಲ್ಲದರಲ್ಲೂ ಯಾರೋ ಒಬ್ಬಳು ದೂರ ನೋಡುತ್ತಿದ್ದಳು.

“ಈ ಪೊಯೆರಾ ನೀಲಿಯೇನಪ್ಪಾ?”

ರೊಡೆರಿಕ್ ನಕ್ಕ. ಮೂವತ್ತರ ಒಳಗಿನ ತೆಳ್ಳಗಿನ ಮನುಷ್ಯ. “ಇಲ್ಲ ಸಾರ್, ಕೆಂಪು. ಹೋದ ವರ್ಷ ಇನ್ನೆರಡು ಕಾದಂಬರಿ ಕೆಂಪು ಮುಖಪುಟದಲ್ಲೇ ಬಂದಿದ್ವು. ನೀಲಿ ಮಾಡು ಅಂದ್ರು ಪ್ರಕಾಶಕರು.”

“ಎಡಬಲ?”

“ತಿರುಗಿಸಿದೀನಿ. ಮುಖಪುಟದ ಹೆಂಗಸು ಪುಸ್ತಕ ತೆರೆಯೋ ಕಡೆ ನೋಡ್ಬೇಕು. ಇವಳು ಆ ಕಡೆ ನೋಡ್ತಿದ್ಳು. ಕನ್ನಡಿಯಲ್ಲಿ ಕಂಡ ಹಾಗೆ ಪೂರ್ತಿ ತಿರುಗಿಸಿಬಿಟ್ಟೆ. ನಮ್ಮ ಕೆಲಸದಲ್ಲಿ ಎಲ್ರೂ ಮಾಡೋದೇ.”

ಯಾರಿಸೆಲ್ ಇನ್ಸ್‌ಪೆಕ್ಟರ್ ಮುಖ ನೋಡಿದಳು. ಅವರು ಕುರ್ಚಿ ಎಳೆದುಕೊಂಡು ಕೂತರು. “ಅಪ್ಪಾ, ನೀನು ಏನೇನು ಮಾಡಿದೀಯೋ ಅದನ್ನೆಲ್ಲ ಒಂದೊಂದಾಗಿ ತೆಗಿ ನೋಡೋಣ.”

ಚಿತ್ರವನ್ನು ಅವನು ಪದರ ಪದರವಾಗಿ ಕಟ್ಟಿದ್ದ. ಈಗ ಒಂದೊಂದೇ ಪದರ ಕಿತ್ತು ತೋರಿಸಿದ. ಮೊದಲು ಹಾಯಿ ಹಡಗು ಹೋಯಿತು. ಕರಿಮೋಡ ಹೋಗಿ ಬಿಸಿಲು ಬಂತು. ಅಳಿಸಿದ್ದ ಎರಡು ವಿದ್ಯುತ್ ಕಂಬ ಮರಳಿ ನಿಂತವು, ಬಂಡೆಯ ಸಂದಿಯಲ್ಲಿ ಸೋಡಾ ಬಾಟಲಿ ಕಾಣಿಸಿಕೊಂಡಿತು. ಮಣಿಕಟ್ಟಿನ ಮೇಲೆ ಕೈಗಡಿಯಾರದ ಬಿಳಿ ಗುರುತು ಬಂತು. ನೀಲಿ ಆರಿ ಕೆಂಪಾಯಿತು. ಚಿತ್ರ ಪೂರ್ತಿ ಮಗುಚಿಕೊಂಡು ಎಂಟು ಹಣ್ಣಿನ ಗೊಂಚಲು ಬಲಸೊಂಟಕ್ಕೆ ಹೋಯಿತು. ಟೀಚರ್ ದೂರಿನಲ್ಲಿ ಬರೆಸಿದ್ದ ಜಾಗಕ್ಕೇ.

“ಇನ್ನೊಂದು ಪದರ ಇದೆ,” ಎಂದ ರೊಡೆರಿಕ್, ಕೊಂಚ ನಾಚಿಕೊಂಡು. “ಮುಖ. ಇದು ಬೇರೆಯವರದ್ದು, ದುಡ್ಡು ಕೊಟ್ಟು ತಗೊಂಡಿದ್ದು. ನಿಜವಾದ ಹುಡುಗಿ ನಗ್ತಿದ್ಳು. ಗವರ್ನರನ ಸೊಸೆ ಹೀಗೆಲ್ಲ ಹಲ್ಲು ಬಿಡಲ್ಲ ಅಂದ್ರು ಪ್ರಕಾಶಕರು.”

ಗಂಭೀರ ಮುಖ ಮಾಯವಾಯಿತು. ಅದರಡಿ ಇಪ್ಪತ್ತೈದರ ಹುಡುಗಿಯೊಬ್ಬಳು ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು, ಬಾಯ್ತುಂಬ ನಗುತ್ತಿದ್ದಳು. ನೋಡಿದವರಿಗೂ ನಗು ಬರುವಂಥ ನಗು.

“ಅಯ್ಯೋ, ಯೂಲಿಸಾ!” ಎಂದಳು ಯಾರಿಸೆಲ್. ಅವಳ ಮುಖದಲ್ಲಿದ್ದ ನಗು ಅಲ್ಲೇ ನಿಂತಿತು. “ಸಾರ್, ಇವಳು ಸೆಲಿನಾ ಮಗಳು.”

ಫೋಟೊ ತೆಗೆದದ್ದು ಕಳೆದ ಜೂನ್ 14, ಸಂಜೆ ನಾಲ್ಕೂ ಐವತ್ತೆರಡಕ್ಕೆ. ಒಳ್ಳೆಯ ಪೊಯೆರಾ ಇರುವವರು ಬೇಕೆಂದು ರೊಡೆರಿಕ್ ಫೋನಿನಲ್ಲಿ ಪ್ರಕಟಣೆ ಹಾಕಿದ್ದ, ತಾಯಿ ಮಗಳು ಬಂದಿದ್ದರು. ಉಡುಪು ಯಾರದೆಂದು ಕೇಳಲಿಲ್ಲವೇ ಎಂದರೆ, “ಉಟ್ಕೊಂಡು ಬಂದೋರದ್ದು ಅಂದ್ಕೊಂಡೆ ಸಾರ್,” ಎಂದ. ಮೂಲ ಚಿತ್ರದ ಪ್ರತಿಯನ್ನು ಇಬ್ಬರು ಪಂಚರ ಮುಂದೆ ವಶಪಡಿಸಿಕೊಂಡರು.

ಮಧ್ಯಾಹ್ನ ಮೂರೂ ನಲವತ್ತಕ್ಕೆ ಜೀಪು ಲಾ ತೀಸಾದ ಹಂಚಿನ ಮನೆ ಮುಂದೆ ನಿಂತಿತು. ಸೆಲಿನಾ ಕಿಟಕಿಯ ಬೆಳಕಿಗೆ ಕೂತಿದ್ದಳು. ಐವತ್ತೆರಡು ವರ್ಷ, ಮೂಗಿನ ತುದಿಗೆ ಜಾರಿದ ಕನ್ನಡಕ. ಮಡಿಲಲ್ಲಿ ಪೊಯೆರಾ ಇತ್ತು. ಅವಳು ಅದನ್ನು ಬಚ್ಚಿಡಲು ಹೋಗಲಿಲ್ಲ.

“ಬಂದ್ರಾ,” ಎಂದಳು. “ಇನ್ನೂ ಎರಡು ಗೊಂಚಲು ಬಾಕಿ ಇತ್ತು.”

ನಾಲ್ಕು ಗಂಟೆಗೆ ಬಂಧನವಾಯಿತು. ಕೈಕೋಳ ಹಾಕಲಿಲ್ಲ, ಹಾಕಬೇಕೆಂದು ಯಾರಿಗೂ ಅನಿಸಲಿಲ್ಲ. ಠಾಣೆಯಲ್ಲಿ ಎಸ್ಪಿನೊ ಹೇಳಿಕೆ ಪಡೆದರು.

“ಕದ್ದಿದ್ದು ಯಾಕೆ?”

“ಒಂದು ದಿನಕ್ಕೆ ಅಂತ ತಗೊಂಡೆ. ಪುಸ್ತಕದ ಮೇಲೆ ಬರುತ್ತೆ ಅಂತ ಆಸೆ ಆಯ್ತು. ನಾನು ಹದಿನೇಳು ಪೊಯೆರಾ ಹೊಲಿದಿದೀನಿ ಸಾರ್. ನನ್ನ ಮಗಳು ಒಂದನ್ನೂ ಉಟ್ಟಿಲ್ಲ.”

“ಮಗಳಿಗೆ ಗೊತ್ತಿತ್ತಾ?”

“ಇಲ್ಲ. ಟೀಚರೇ ಕೊಟ್ರು ಅಂತ ಹೇಳಿದ್ದೆ. ಅವಳನ್ನ ಕರೀಬೇಡಿ.”

“ವಾಪಸ್ ಇಡಬಹುದಿತ್ತಲ್ಲ?”

“ಫೋಟೊ ಮುಗೀತು. ಇಳಿಯೋವಾಗ ಅಲೆ ಬಂತು. ಅವಳು ಜಾರಿದ್ಳು. ಅಂಚು ಬಂಡೆಗೆ ಸಿಕ್ಕಿ ಒಂದು ಗಜ ಹರಿದುಹೋಯ್ತು. ಹರಿದಿದ್ದನ್ನ ಹೇಗೆ ಇಡಲಿ? ಹೊಸ ಬಟ್ಟೆ ಕೂಡಿಸಿ ಏಳು ತಿಂಗಳಿಂದ ಹೊಲೀತಿದೀನಿ. ಜನವರಿಯಲ್ಲಿ ಇಸ್ತ್ರಿಗೆ ಕರೀತಾರಲ್ಲ, ಆಗ ಇಡೋಣ ಅಂತಿದ್ದೆ.” ಆಮೇಲೆ ತಾನಾಗಿಯೇ ಹೇಳಿದಳು: “ಪುಸ್ತಕ ಬಂದ ದಿನವೇ ಕೊಂಡೆ. ಮಗಳ ಮುಖ ಇರ್ಲಿಲ್ಲ. ಅಂಗಡಿಯಲ್ಲೇ ಅತ್ತುಬಿಟ್ಟೆ.”

ಗುರುವಾರ ಬೆಳಿಗ್ಗೆ ನ್ಯಾಯಾಧೀಶರು ಅವಳನ್ನು ಬಿಟ್ಟರು. ವಿಚಾರಣೆ ಮುಗಿಯುವವರೆಗೆ ದಿನವೂ ಠಾಣೆಗೆ ಬಂದು ಸಹಿ ಮಾಡಬೇಕೆಂಬ ಷರತ್ತಿತ್ತು. ಪೊಯೆರಾ ಮಾತ್ರ ಸಾಕ್ಷ್ಯದ ಕಪಾಟಿಗೆ ಹೋಯಿತು. ಅಂಚಿನ ಕೊನೆಯಲ್ಲಿ ಒಂದು ಗೇಣು ಬರೀ ಬಿಳಿ ಬಟ್ಟೆ. ಹಾಗೆಯೇ ಉಟ್ಟು ಲಾಸ್ ತಾಬ್ಲಾಸ್ ಬೀದಿಯಲ್ಲಿ ನಡೆಯುವುದುಂಟೇ? ಇಲ್ಲಿನ ಮುದುಕಿಯರು ಮೊದಲು ಅಂಚು ನೋಡುತ್ತಾರೆ, ಆಮೇಲೆ ಹುಡುಗಿಯ ಮುಖ.

ಸೆಲಿನಾ ಸಹಿ ಮಾಡುತ್ತಿದ್ದಾಗಲೇ ಟೀಚರ್ ಬಂದರು. ನೇರ ಅವಳ ಮುಂದೆ ಹೋಗಿ ನಿಂತರು. ಕೋಪಕ್ಕಿಂತ ಹೆಚ್ಚಾಗಿ ಅವರಿಗೆ ನೋವಾಗಿತ್ತು.

“ಇಪ್ಪತ್ತೈದು ವರ್ಷದಿಂದ ನನ್ನ ಮನೆ ಒಳಗೆ ಓಡಾಡ್ದೋಳು ನೀನು. ಒಂದು ಮಾತು ಕೇಳಿದ್ರೆ ಕೊಡ್ತಿರ್ಲಿಲ್ವೇನೇ?”

“ಕೊಡ್ತಿರ್ಲಿಲ್ಲ ಟೀಚರ್.”

ಟೀಚರ್ ಬೆಂಚಿನ ಮೇಲೆ ಕೂತರು. “ಹೌದು. ಕೊಡ್ತಿರ್ಲಿಲ್ಲ,” ಎಂದರು.

ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದರು. “ಒಲ್ಮೆಡೊ, ಇವಳು ಎರಡು ಗೊಂಚಲು ಹೊಲಿಯೋಕೆ ಎಷ್ಟು ಹೊತ್ತು ಬೇಕು ಕೇಳು.”

“ನಾಳೆ ಸಂಜೆವರೆಗೆ,” ಎಂದಳು ಸೆಲಿನಾ, ನೆಲ ನೋಡುತ್ತಲೇ.

ಸಾಕ್ಷ್ಯದ ವಸ್ತು ಠಾಣೆಯ ಹೊಸಿಲು ದಾಟುವಂತಿಲ್ಲ. ಆದರೆ ಠಾಣೆಯ ಒಳಗೆ ಅದನ್ನು ಹೊಲಿಯಬಾರದೆಂದು ಯಾವ ನಿಯಮದಲ್ಲೂ ಇರಲಿಲ್ಲ. ಎಸ್ಪಿನೊ ಎರಡು ಸಲ ಓದಿ ನೋಡಿದರು. ಟೀಚರ್ ಒಪ್ಪಿಗೆ ಬರೆದುಕೊಟ್ಟರು. ಪ್ರಾಸಿಕ್ಯೂಟರ್ ಕಚೇರಿಗೆ ಎರಡು ಅರ್ಜಿ ಹೋದವು: ವಸ್ತುವನ್ನು ಫೋಟೊ ತೆಗೆದು ದಾಖಲಿಸಿ ದುರಸ್ತಿ ಮಾಡಿಸಲು, ದುರಸ್ತಿಯ ನಂತರ ಭಾನುವಾರದವರೆಗೆ ಮಾಲೀಕರ ಸುಪರ್ದಿಗೆ ಕೊಡಲು. ಮೊದಲನೆಯದಕ್ಕೆ ಅಂದೇ ಸಹಿ ಬಿತ್ತು. ಎರಡನೆಯದು ಅಲ್ಲೇ ಉಳಿಯಿತು.

ಗುರುವಾರ ಮಧ್ಯಾಹ್ನ ಮತ್ತು ಶುಕ್ರವಾರ ಇಡೀ ದಿನ ಇನ್ಸ್‌ಪೆಕ್ಟರ್ ಕೋಣೆಯಲ್ಲಿ ಆರೋಪಿ ಕೂತು ಹೊಲಿದಳು. ದೂರುದಾರರು ಎದುರು ಕೂತು ಸೂಜಿಗೆ ದಾರ ಪೋಣಿಸಿ ಕೊಟ್ಟರು. ಕತ್ತರಿ ಯಾರಿಸೆಲ್ ಕೈಯಲ್ಲಿತ್ತು. ಪ್ರತಿ ಸಲ ಕೇಳಿದಾಗ ಕೊಟ್ಟು, ವಾಪಸ್ ಪಡೆಯುತ್ತಿದ್ದಳು. ಎಸ್ಪಿನೊ ಕಡತ ಹಿಡಿದು ಹೊರಗಿನ ಬೆಂಚಿನಲ್ಲಿ ಕೆಲಸ ಮಾಡಿದರು.

“ಸೆಲಿನಾ ಅತ್ತೆ,” ಎಂದಳು ಯಾರಿಸೆಲ್ ಶುಕ್ರವಾರ ಮಧ್ಯಾಹ್ನ. “ಏಳು ತಿಂಗಳು ಕೈಯಲ್ಲಿ ಸೂಜಿ ಇತ್ತು. ಆ ಎಂಟು ಹಣ್ಣಿನ ಗೊಂಚಲಿಗೆ ಇನ್ನೊಂದು ಸೇರಿಸಿದ್ರೆ ಯಾರಿಗೂ ಗುರುತು ಸಿಗ್ತಿರ್ಲಿಲ್ಲ. ಯಾಕೆ ಬಿಟ್ರಿ?”

ಸೆಲಿನಾ ಹೊಲಿಗೆ ನಿಲ್ಲಿಸಲಿಲ್ಲ. “ಎಂಟನೇದು ಮುಗಿಸೋವಾಗ ಹೊಟ್ಟೆ ನೋವು ಶುರುವಾಯ್ತು. ಸೂಜಿ ಅಲ್ಲೇ ಚುಚ್ಚಿಟ್ಟು ಎದ್ದೆ. ಬೆಳಗಿನ ಜಾವಕ್ಕೆ ಯೂಲಿಸಾ ಹುಟ್ಟಿದ್ಳು. ತಿಂಗಳಾದ ಮೇಲೆ ಬಂದು ಕೂತೆ, ಒಂಬತ್ತನೇದು ಹಾಕೋಕೆ ಮನಸ್ಸು ಬರ್ಲಿಲ್ಲ. ಅವಳು ಹುಟ್ಟಿದ್ದು ಇಲ್ಲೇ ಅಂತ ನನಗೊಬ್ಬಳಿಗೆ ಗುರುತು ಇರ್ಲಿ ಅಂತ.”

ಟೀಚರ್ ಕೈಯಲ್ಲಿದ್ದ ದಾರ ಸೂಜಿಯ ಕಣ್ಣು ತಪ್ಪಿತು. ಇಪ್ಪತ್ತೈದು ವರ್ಷ ಇಸ್ತ್ರಿ ಮಾಡಿಸುವಾಗೆಲ್ಲ ಅವರು ಆ ಗೊಂಚಲಿನ ಹತ್ತಿರ ಬಂದು ಗೊಣಗಿದ್ದರು.

ಸಂಜೆ ಐದೂ ಹತ್ತಕ್ಕೆ ಕೊನೆಯ ಗಂಟು ಬಿತ್ತು. ಪ್ರಾಸಿಕ್ಯೂಟರ್ ಕಚೇರಿ ಮುಚ್ಚುವ ಮೊದಲು, ಐದೂ ಇಪ್ಪತ್ತೈದಕ್ಕೆ, ಎರಡನೇ ಅರ್ಜಿಗೂ ಸಹಿ ಬಂತು. ಯಾರಿಸೆಲ್ ಓಡಿಹೋಗಿ ಕಚೇರಿಯ ಮೆಟ್ಟಿಲ ಮೇಲೆ ಕೂತು, ಬಿಡದೆ ಕಾದು ಅದನ್ನು ತಂದಳು.

ಶನಿವಾರ ನಿಡಿಯಾ ಮೆರವಣಿಗೆಯಲ್ಲಿ ನಡೆದಳು. ಮುದುಕಿಯರು ಅಂಚು ನೋಡಿದರು, ಏನೂ ಸಿಗದೆ ಮುಖ ನೋಡಿದರು. ಭಾನುವಾರ ಬೆಳಿಗ್ಗೆ, ಸುಪರ್ದಿಯ ಅವಧಿ ಮುಗಿಯುವ ಮುಂಚೆ, ಟೀಚರ್ ಮನೆಯ ಜಗುಲಿಯಲ್ಲಿ ಅದೇ ಪೊಯೆರಾವನ್ನು ಇನ್ನೊಬ್ಬಳು, ಅದನ್ನು ಹೊಲಿದವಳ ಮಗಳು, ಉಟ್ಟಳು. ನಿಡಿಯಾಳೇ ಅವಳ ತಲೆಗೆ ಹೂ ಮುಡಿಸಿದಳಂತೆ. ಇದು ಕಡತದಲ್ಲಿಲ್ಲ. ಎಸ್ಪಿನೊ ಆಮೇಲೆ ಟೀಚರ್ ಮನೆಗೆ ಕಾಫಿಗೆ ಹೋಗಿದ್ದರಿಂದ ಗೊತ್ತಾದದ್ದು.

ಸೋಮವಾರ ಎಂಟೂ ಹತ್ತಕ್ಕೆ ಟೀಚರ್ ಮತ್ತೆ ಠಾಣೆಯಲ್ಲಿದ್ದರು. ಪ್ರಕಾಶಕರಿಗೆ ಬರೆದ ಪತ್ರದ ಪ್ರತಿಯೊಂದನ್ನು ಕಡತಕ್ಕೆ ಕೊಟ್ಟರು. ಮುಂದಿನ ಮುದ್ರಣದ ಎರಡನೇ ಪುಟದಲ್ಲಿ ಕಸೂತಿ ಮಾಡಿದವಳ ಹೆಸರು ಇರಬೇಕು, ಚಿತ್ರದಲ್ಲಿ ಆ ಹುಡುಗಿಯ ನಗು ಇರಬೇಕು ಎಂದು ಬರೆದಿದ್ದರು. ಜೊತೆಗೆ ಕಾದಂಬರಿಯ ಮೂವತ್ತೊಂದು ಕಾಗುಣಿತ ತಪ್ಪುಗಳ ಪಟ್ಟಿ. ಉತ್ತರ ಇನ್ನೂ ಬಂದಿಲ್ಲ.

“ದೂರು ವಾಪಸ್ ತಗೊಳ್ಳೋಕೆ ಬಂದ್ರಾ ಟೀಚರ್?”

“ಅದನ್ನ ವಕೀಲರ ಹತ್ರ ಕೇಳಿ ಮಾಡ್ತೀನಿ. ಈಗ ದೂರಿನಲ್ಲೊಂದು ತಪ್ಪಿದೆ. ತಿದ್ದಬೇಕು.”

“ಯಾರಿಸೆಲ್ ಬರೆದಿದ್ದಾ?”

“ಅಲ್ಲ. ನಾನು ಬರೆಸಿದ್ದು.”

ಎಸ್ಪಿನೊ ಕಡತ ತೆರೆದು ಕೊಟ್ಟರು. ಟೀಚರ್ ಕನ್ನಡಕ ಹಾಕಿಕೊಂಡು ವಸ್ತುವಿನ ವಿವರದ ಕೊನೆಯ ಸಾಲು ಹುಡುಕಿದರು. ‘ದೋಷ’ ಎಂಬ ಪದದ ಮೇಲೆ ಒಂದು ಗೆರೆ ಎಳೆದು, ಅಂಚಿನಲ್ಲಿ ದಿನಾಂಕ ಹಾಕಿ, ಸಹಿ ಮಾಡಿದರು.