ಬಲಗಾಲಿನ ಅರಿಶಿನ

ಸೊರಬ ರಸ್ತೆಯ ಅಪಘಾತದಲ್ಲಿ ನನ್ನ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಕತ್ತರಿಸಿದ್ದನ್ನು ಆಸ್ಪತ್ರೆಯವರೇ ಸುಟ್ಟರು. ಅಂದಿನಿಂದ ಶಿಕಾರಿಪುರದ ನಮ್ಮ ಬೀದಿಯಲ್ಲಿ ಯಾರೂ ನನ್ನನ್ನು ಅರಿಶಿನ-ಕುಂಕುಮಕ್ಕೆ ಕರೆಯಲಿಲ್ಲ. ಗಂಡನಿದ್ದರೂ ನಾನು ಊನದ ಮುತ್ತೈದೆ. ಕಾಲು ಕಳೆದುಕೊಂಡವರ ಪರವಾಗಿ ತುಂಬಿದ ಸಭೆಯಲ್ಲಿ ಸೀರೆ ಎತ್ತಿ, ಕೃತಕ ಕಾಲು ತೋರಿಸಿ ಮಾತಾಡುವವಳು ನಾನು. ಆದರೂ ಬೇರೆ ಹೆಂಗಸರ ಹಳದಿ ಪಾದ ಕಂಡರೆ ಹೊಟ್ಟೆ ಉರಿಯುತ್ತಿತ್ತು.

ಕಳೆದ ಶ್ರಾವಣದಲ್ಲಿ ಎದುರುಮನೆಯ ಜ್ಯೋತಿಲಕ್ಷ್ಮಿ ನನ್ನೊಬ್ಬಳನ್ನು ಬಿಟ್ಟು ಬೀದಿಗೆಲ್ಲ ಅರಿಶಿನ-ಕುಂಕುಮಕ್ಕೆ ಹೇಳಿದಳು. "ಪ್ಲಾಸ್ಟಿಕ್ಕಿಗೆ ಹೆಂಗ್ರೀ ಅರಿಶಿನ ಹಚ್ಚೋದು" ಅಂದಳಂತೆ.

ಹೆಂಗಸರೆಲ್ಲ ಅಲ್ಲಿ ಸೇರಿದ ಮಧ್ಯಾಹ್ನ ನಾನು ಮನೆಯಲ್ಲಿ ಕೃತಕ ಕಾಲು ಬಿಚ್ಚಿಟ್ಟು ಕೂತಿದ್ದೆ. ಇಲ್ಲದ ಪಾದದ ಮೇಲೆ ತಣ್ಣಗೆ ಒದ್ದೆಯಾಯಿತು. ಇಲ್ಲದ ಕಾಲು ನೋಯುವುದು ನನಗೆ ಹೊಸದಲ್ಲ, ಎಷ್ಟೋ ಜನರಿಗೆ ನಾನೇ ಧೈರ್ಯ ಹೇಳಿದ್ದೇನೆ. ಇದು ನೋವಲ್ಲ. ಯಾರದೋ ಹೆಬ್ಬೆರಳು ಆ ಬೆರಳುಗಳ ಸಂದಿಯಲ್ಲಿ ಅರಿಶಿನ ತಿಕ್ಕುತ್ತಿತ್ತು. ಸುಟ್ಟುಹೋದ ಕಾಲಿಗೆ ಸಿಕ್ಕ ಮರ್ಯಾದೆ ಬದುಕಿರುವ ನನಗಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು.

ಕೃತಕ ಕಾಲು ಕಟ್ಟಿಕೊಂಡು ಸೀದಾ ಜ್ಯೋತಿಲಕ್ಷ್ಮಿಯ ಮನೆಗೆ ನುಗ್ಗಿದೆ. ಹೆಂಗಸರು ಸಾಲಾಗಿ ಕಾಲು ಚಾಚಿ ಕೂತಿದ್ದರು. ಸಾಲಿನ ನಡುವೆ ಒಂದು ಜಾಗ ಖಾಲಿಯಿತ್ತು. ಅಲ್ಲಿ ಚಾಪೆಯ ಮೇಲೆ ಒಂದೇ ಒಂದು ಹಸಿ ಹಳದಿ ಹೆಜ್ಜೆ.

"ಕರೀದೇ ಬಂದೀನಿ, ಹೆದರ್ಬೇಡ್ರೀ" ಎಂದೆ. "ಇಲ್ಲಿ ಯಾರಿಗೆ ಹಚ್ಚಿದ್ರಿ, ಅಷ್ಟು ಹೇಳ್ರಿ."

ಜ್ಯೋತಿಲಕ್ಷ್ಮಿ ಅರಿಶಿನದ ಬಟ್ಟಲು ಕೆಳಗಿಟ್ಟಳು.

"ತಲೆ ಬಗ್ಗಿಸ್ಕೊಂಡು ಸಾಲಿಗೆ ಹಚ್ಕೊಂತ ಬಂದೆ ಅಕ್ಕ. ಬಲಗಾಲು ಚಾಚಿತ್ತು, ಬೆಚ್ಚಗಿತ್ತು, ಹಚ್ಚಿದೆ. ಎಡಗಾಲೂ ಕೊಡ್ರೀ ಅಂದೆ. ಕೊಡ್ಲಿಲ್ಲ."