ಕಾಲು ಕೊಯ್ದ ತೂಗುಕುರ್ಚಿ

ಹೆಂಡತಿಯ ಸ್ಕ್ಯಾನಿಂಗ್ ಮುಗಿಸಿ ದಾವಣಗೆರೆಯಿಂದ ಚನ್ನಗಿರಿಗೆ ಮರಳಿದ ಕೆಂಚೇಶ್ ಗೇಟು ತೆಗೆದವನೇ ನಿಂತುಬಿಟ್ಟ. ಜಗಲಿಯಲ್ಲಿ ಹೊಸ ತೂಗುಕುರ್ಚಿ ಅಂಗಾತ ಬಿದ್ದಿತ್ತು. ತೂಗಲು ಅಡಿಯಲ್ಲಿದ್ದ ಎರಡೂ ಬಾಗುಪಟ್ಟಿಗಳನ್ನು ಯಾರೋ ಗರಗಸದಿಂದ ಕೊಯ್ದಿದ್ದರು. ಹಿಂದೆಯೇ ಬಂದ ತುಂಬು ಬಸುರಿ ಸಂಘಮಿತ್ರಾ ಕಂಬ ಹಿಡಿದು ಕೂತಳು. ಮಗುವಿಗೆ ಹಾಲೂಡಿಸಲೆಂದೇ ಮಾಡಿಸಿದ ಕುರ್ಚಿ ಅದು. ತೇಗದ ಮರ, ಅರವತ್ತರ ದಶಕದ ಮಾದರಿ, ಕಡುಹಸಿರು ಮೆತ್ತೆ.

ಕೆಂಚೇಶನ ಅನುಮಾನ ನೇರವಾಗಿ ಕುರ್ಚಿ ಮಾಡಿದ ನಿಂಗರಾಜನ ಮೇಲೆ ಹೋಯಿತು. ಪಾಲಿಶ್ ಸರಿಯಿಲ್ಲ ಅಂತ ಮೊನ್ನೆ ಇಬ್ಬರಿಗೂ ಜಗಳವಾಗಿತ್ತು. "ಹಿಡಿಸ್ಲಿಲ್ಲ ಅಂದ್ರೆ ಮುರಿದು ಒಲೆಗೆ ಹಾಕ್ರಿ" ಅಂದಿದ್ದ ನಿಂಗರಾಜ್. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೆಂಚೇಶ್ ದೂರು ಕೊಟ್ಟ, ಪೊಲೀಸರು ನಿಂಗರಾಜನನ್ನು ಕರೆದೊಯ್ದರು.

*

"ಎಲ್ಲಿದ್ದೆ?" ಸಬ್ ಇನ್‌ಸ್ಪೆಕ್ಟರ್ ಚೈತ್ರಶ್ರೀ ಕೇಳಿದಳು.

"ಅಂಗಡೀಲಿ. ಒಬ್ನೇ."

"ನೋಡಿದೋರು?"

"ಯಾರೂ ಇಲ್ಲ ಮೇಡಂ. ನಾಳೆ ನಲ್ಲೂರಿಂದ ಹೆಣ್ಣಿನ ಕಡೆಯೋರು ಮನೆ ನೋಡಾಕೆ ಬರ್ತಾರೆ. ಸ್ಟೇಷನ್ ಮೆಟ್ಲು ಹತ್ತಿದೋನಿಗೆ ಯಾರು ಹೆಣ್ಣು ಕೊಡ್ತಾರೆ?"

ಚೈತ್ರಶ್ರೀ ಜೀಪು ಹತ್ತಿ ಕೆಂಚೇಶನ ಮನೆಗೆ ಹೊರಟಳು.

*

"ನಾನು ಹಿತ್ತಲಾಗೆ ಎಮ್ಮೆ ತೊಳೀತಿದ್ದೆ. ಏನೂ ಕೇಳ್ಸಿಲ್ಲ" ಅಂದಳು ಕೆಂಚೇಶನ ತಾಯಿ ಸುಂಕಲಮ್ಮ.

ಚೈತ್ರಶ್ರೀ ಬಗ್ಗಿದಳು. ಕುರ್ಚಿಯಡಿ ಮಡಿಸಿದ ಕೌದಿ ಹಾಸಿತ್ತು. ಮರದ ಪುಡಿ ಚೂರೂ ಇಲ್ಲ. ಮೆತ್ತೆಯ ನಡುವೆ ಗುಂಡಗೆ ತಗ್ಗು, ಅದರಲ್ಲಿ ಅರಿಶಿನ ಕುಂಕುಮದ ಕಲೆ. ಮುಂದೆ ನೆಲದಲ್ಲಿ ಹೊಸದಾಗಿ ಒಡೆದ ಟೈಲ್ಸ್. ಅಡುಗೆಮನೆಗೆ ಹೋಗಿ ಒರಳಿನ ಗುಂಡುಕಲ್ಲು ನೋಡಿದಳು. ಅದಕ್ಕೂ ಕುಂಕುಮ.

"ಸೇಡಿಗೆ ಬಂದೋನು ಕೌದಿ ಹಾಸ್ತಾನಾ? ಕಸ ಗುಡಿಸ್ತಾನಾ?" ಅಂದಳು ಕೆಂಚೇಶನಿಗೆ. "ನಾಮಕರಣದಾಗೆ ಖಾಲಿ ತೊಟ್ಲು ತೂಗಬಾರ್ದು ಅಂತ ಮೊದ್ಲು ಗುಂಡುಕಲ್ಲು ಮಲಗಿಸ್ತಾರೆ. ನಮ್ಮೂರು ಬಿಳಿಚೋಡಲ್ಲೂ ಹಂಗೇ. ಇಲ್ಲಿ ಕಲ್ಲನ್ನ ಕುರ್ಚಿ ಮೇಲೆ ಕೂರಿಸ್ಯಾರೆ. ಗಾಳಿಗೆ ಕುರ್ಚಿ ತೂಗ್ತು, ಕಲ್ಲು ಉರುಳಿ ಟೈಲ್ಸ್ ಒಡೀತು. ಆಮೇಲೆ ಗರಗಸ ಬಂತು. ಹೌದೇನಮ್ಮ?"

ಸುಂಕಲಮ್ಮ ಸೆರಗು ಬಾಯಿಗೊತ್ತಿಕೊಂಡಳು.

"ಯಾರೂ ಕೂತಿಲ್ದಾಗ್ಲೂ ತೂಗೋದು ಅದು. ಖಾಲಿ ತೂಗಿದ್ರೆ ಕೂಸಿಗೆ ಕೇಡು. ಹೋದ ಸಲ ಕೂಸು ಹೊಟ್ಟೇಲೇ ಹೋಯ್ತು. ಮಗನಿಗೆ ಹೇಳಿದ್ರೆ ನಗ್ತಾನೆ. ಆ ಹುಡುಗನ್ನ ಪೊಲೀಸ್ರು ಕರಕೊಂಡು ಹೋದಾಗ ನನ್ನ ಬಾಯೇ ಕಟ್ಟೋಯ್ತು."

ತಪ್ಪು ತಪ್ಪೇ. ಆದರೂ ಆ ಮುದುಕಿಯ ಮೇಲೆ ಸಿಟ್ಟು ಮಾಡಲು ಕತೆ ಹೇಳುವ ನನ್ನಿಂದಂತೂ ಆಗುವುದಿಲ್ಲ.

"ನನಗೂ ಅದು ತೂಗೋದು ಕಂಡ್ರೆ ಎದೆ ಝಲ್ ಅಂತಿತ್ತು ಅತ್ತೆ" ಅಂದಳು ಸಂಘಮಿತ್ರಾ. "ನೀವೆಲ್ಲಿ ನಗ್ತೀರೋ ಅಂತ ಸುಮ್ನಿದ್ದೆ."

ಕೆಂಚೇಶ್ ತಲೆ ತಗ್ಗಿಸಿದ. ದೂರು ಈಗಲೇ ವಾಪಸ್ ತಗೋತೀನಿ ಅಂದ.

"ಅಷ್ಟಕ್ಕೇ ಆಗಲ್ಲ ರೀ. ಹುಡುಗನ ಹೆಸರು ಊರೆಲ್ಲ ಕೆಟ್ಟೈತೆ. ನಾಳೆ ಹೆಣ್ಣಿನ ಕಡೆಯೋರು ಅವನ ಮನೆ ನೋಡಾಕೆ ಬರ್ತಾರೆ" ಅಂದಳು ಚೈತ್ರಶ್ರೀ.

"ನಾನೇ ಹೋಗಿ ಹೇಳ್ತೀನಿ" ಅಂದಳು ಸುಂಕಲಮ್ಮ.

*

ಮರುದಿನ ನಿಂಗರಾಜನ ಮನೆಯಲ್ಲಿ ನಲ್ಲೂರಿನವರು ಚಾಪೆಯ ಮೇಲೆ ಬಿಗಿದುಕೊಂಡು ಕೂತಿದ್ದರು. ಸುದ್ದಿ ಅವರಿಗಿಂತ ಮೊದಲೇ ಬಂದು ಕೂತಿತ್ತು. ಸುಂಕಲಮ್ಮ ಒಳಗೆ ಬಂದು ಕೈಮುಗಿದಳು.

"ಕುರ್ಚಿ ಕೊಯ್ದೋಳು ನಾನು. ಈ ಹುಡುಗನ್ದು ಏನೂ ತಪ್ಪಿಲ್ಲ." ಯಾಕೆ ಕೊಯ್ದೆ ಅನ್ನುವುದನ್ನೂ ಬಿಡದೆ ಹೇಳಿದಳು.

ಹೆಣ್ಣಿನ ಅಜ್ಜಿ ಉಡಚಮ್ಮ ಅವಳನ್ನೇ ನೋಡುತ್ತಿದ್ದಳು.

"ಕೊಯ್ಯಾಕೆ ಎಷ್ಟೊತ್ತು ಹಿಡೀತು?"

"ಮಧ್ಯಾಹ್ನ ಪೂರ್ತಿ. ಕೈಯೆಲ್ಲ ಬೊಬ್ಬೆ ಬಂದ್ವು."

"ಹಂಗಾದ್ರೆ ಹುಡುಗ ಕೆಲ್ಸ ಗಟ್ಟಿ ಮಾಡ್ಯಾನೆ" ಅಂದಳು ಉಡಚಮ್ಮ. "ಎಲೆ ಅಡಿಕೆ ತರ್ರಿ."