ತುಟಿ ಅಲುಗದ ಮಾತು

ಸಿನಿಮಾ ಹೇಗಿದೆ ಎಂದು ಕೇಳಿದವರಿಗೆಲ್ಲ ನಾನು ಹೇಳುವುದಿಷ್ಟೇ: ಚೆನ್ನಾಗಿದೆ, ತಲೆ ಗಿರ್ರೆನ್ನುತ್ತದೆ, ಆದರೆ ಅದರಲ್ಲೊಂದು ಮಾತನ್ನು ನಾನು ಸ್ಟುಡಿಯೋದಲ್ಲಿ ಆಡಿದ್ದಲ್ಲ. ನಾಯಕನಿಗೆ ದನಿ ಕೊಟ್ಟವನು ನಾನೇ. ನಾವು ಡಬ್ಬಿಂಗಿನವರು ಸಿನಿಮಾ ನೋಡುವುದಿಲ್ಲ, ತುಟಿ ನೋಡುತ್ತೇವೆ. ಕಥೆ ತಿಳಿಯುವುದು ಥಿಯೇಟರಿನಲ್ಲೇ.

ತಂಗಿಯ ಜೊತೆ ಮ್ಯಾಟಿನಿಗೆ ಹೋಗಿದ್ದೆ. ನಾಳೆ ಆಡುವ ಮಾತು ಇಂದೇ ಕೇಳಿಸುವ ಮನುಷ್ಯನ ಕಥೆ. ಒಂದು ಕಡೆ ನಾಯಕ ಮುಚ್ಚಿದ ಬಾಗಿಲೆದುರು ಸುಮ್ಮನೆ ನಿಂತಿರುತ್ತಾನೆ. ತುಟಿ ಅಲುಗಲಿಲ್ಲ. ಆದರೂ ನನ್ನ ದನಿ ಏದುಸಿರಿನಲ್ಲಿ ಕೇಳಿತು: "ಚಿಂಟಿ, ಬಾಗಿಲು ತೆಗೀಬೇಡ."

ಚಿಂಟಿ ಅಂದರೆ ನನ್ನ ತಂಗಿ. ಪಕ್ಕದಲ್ಲಿ ಕೂತಿದ್ದವಳು ಥಟ್ಟನೆ ನನ್ನತ್ತ ತಿರುಗಿದಳು.

ಸೌಂಡ್ ಎಂಜಿನಿಯರನ್ನು ಕೇಳಿದರೆ, "ಆ ಸೀನಲ್ಲಿ ಮಾತೇ ಇಲ್ವಲ್ಲ, ನಿದ್ದೆಗಣ್ಣಲ್ಲಿ ನೋಡಿದ್ಯಾ?" ಎಂದು ನಕ್ಕ.

ನಾನೂ ಬಿಡುವ ಆಸಾಮಿಯಲ್ಲ. ಮರುದಿನ ತಂಗಿಯನ್ನು ಮನೆಯಲ್ಲೇ ಬಿಟ್ಟು ಒಬ್ಬನೇ ಹೋಗಿ ಅದೇ ಸೀಟಿನಲ್ಲಿ ಕೂತೆ. ಯಾರೋ ಆಗಷ್ಟೇ ಎದ್ದುಹೋದಂತೆ ಅದು ಬೆಚ್ಚಗಿತ್ತು. ಆ ದೃಶ್ಯ ಬಂತು. ಮಾತಿಲ್ಲ. ಮೈಯೆಲ್ಲ ಕಿವಿಯಾಗಿ ಕೂತಿರುವಾಗ ಫೋನ್ ನಡುಗಿತು.

"ಅಣ್ಣಾ, ಹೊರಗಡೆ ಕೂಗ್ತಿರೋದು ನೀನೇ ತಾನೇ? ತೆಗೀಲಾ?" ಎಂದಳು ತಂಗಿ. ಅವಳ ಮಾತಿನ ಹಿಂದೆ, ಬಾಗಿಲಾಚೆಯಿಂದ, "ಚಿಂಟಿ... ಚಿಂಟಿ..." ಎನ್ನುತ್ತಿದ್ದದ್ದು ನನ್ನದೇ ದನಿ.

ಸುತ್ತಲಿನವರು ಶ್ ಎನ್ನುತ್ತಿದ್ದರೂ ನಾನು ಎದ್ದು ನಿಂತು ಹೇಳಿದೆ: "ಚಿಂಟಿ, ಬಾಗಿಲು ತೆಗೀಬೇಡ." ಹಿಂದಿನ ದಿನ ಕೇಳಿದ್ದ ಅದೇ ಏದುಸಿರು.

ಅವಳು ತೆಗೆಯಲಿಲ್ಲ. ಹೊರಗಿದ್ದವರು ಯಾರೋ, ಇವತ್ತಿಗೂ ಗೊತ್ತಿಲ್ಲ. ಅವಳನ್ನು ಚಿಂಟಿ ಎಂದು ಕರೆಯುವವನು ನಾನೊಬ್ಬನೇ.